ಎಲ್ಲಿಗೆಂದು ಕೇಳದ ಭಾನುವಾರ

ಮನೆಯಿಂದ ಹೊರಟು ಗೇಟಿಗೆ ಕೈಹಾಕಿದವರನ್ನು ಹಿಂದಿನಿಂದ ‘ಎಲ್ಲಿಗೆ?’ ಎಂದು ಕೇಳಬಾರದಂತೆ. ಕುತೂಹಲ ತಡೆಯಲಾಗದಿದ್ದರೆ ‘ದೂರ ಹೊರಟ್ರಾ?’ ಎನ್ನಬೇಕಂತೆ. ಹೀಗೆಂದರೆ ಹೊರಟ ಕೆಲಸ ಕೈಗೂಡುತ್ತದೆ, ಹಾಗೆಂದರೆ ಕೆಡುತ್ತದೆ. ನೀವೂ ಹಿರಿಯರಿಂದ ಇದನ್ನು ಕೇಳಿಸಿಕೊಂಡೇ ಬೆಳೆದಿರುವುದರಿಂದ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬೀದಿಯ ಕೊನೆಯ ಅಂಗಡಿಯಿಂದ ಕಾಫಿಪುಡಿ ತರಲು ಹೊರಟವನೂ ಈ ಶಾಸ್ತ್ರದ ಪ್ರಕಾರ ದೂರವೇ ಹೊರಟಿರುತ್ತಾನೆ, ಶ್ರೀಶೈಲಕ್ಕೆ ಹೊರಟವನೂ ದೂರವೇ ಹೊರಟಿರುತ್ತಾನೆ; ಇಬ್ಬರಿಗೂ ಒಂದೇ ಪ್ರಶ್ನೆ, ಇಬ್ಬರಿಂದಲೂ ‘ಹೂಂ, ಹಿಂಗೇ’ ಎಂಬ ಒಂದೇ ಉತ್ತರ. ಪ್ರಶ್ನೆಯಲ್ಲಿ ಜಿಜ್ಞಾಸೆಯಿಲ್ಲ, ಉತ್ತರದಲ್ಲಿ ಮಾಹಿತಿಯಿಲ್ಲ. ಆದರೂ ಕೇಳಿದವರಿಗೆ ಸಮಾಧಾನ, ಹೇಳಿದವರಿಗೆ ಕ್ಷೇಮ. ಇಷ್ಟು ನಿರರ್ಥಕವಾದ ಸಂಭಾಷಣೆ ಇಷ್ಟು ಶತಮಾನ ಬಾಳಿದ್ದು ಹೇಗೆಂದು ನಾನು ಬಹಳ ದಿನ ನಕ್ಕಿದ್ದೇನೆ. ಈಗ ನಗುವುದಿಲ್ಲ, ನಂಬಿದ್ದೇನೆಂದಲ್ಲ. ನಂಬದೆಯೂ ನಗು ನಿಲ್ಲುವುದುಂಟು, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ಮನೆಯಲ್ಲಿ ಈ ಶಾಸ್ತ್ರದ ಅಧಿಪತಿ ನನ್ನ ಅಜ್ಜಿ, ಅಪ್ಪನ ತಾಯಿ ಗಂಗಮ್ಮ. ಹಣೆಯ ಮೇಲೆ ಅಗಲವಾದ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು, ನಾಲಗೆಯ ತುದಿಯಲ್ಲಿ ಯಾವ ಕಟ್ಟಳೆಗೂ ಸಿದ್ಧವಾಗಿರುವ ಸಮರ್ಥನೆ. ಆಕೆಯ ಖಾಯಂ ಪ್ರತಿಪಕ್ಷ ನಾನು. ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿಯೂ ಮಧ್ಯಾಹ್ನ ವಿರೋಧವಾಗಿಯೂ ಒಂದೇ ಆವೇಶದಿಂದ ಮಾತಾಡಿ ನಾನು ಗೆದ್ದು ತಂದ ಕಪ್‌ಗಳನ್ನು ಅಜ್ಜಿ ವ್ಯರ್ಥ ಮಾಡಲಿಲ್ಲ. ಒಂದರಲ್ಲಿ ಹೂಬತ್ತಿ, ಒಂದರಲ್ಲಿ ವಿಭೂತಿಗಟ್ಟಿ, ದೊಡ್ಡದರಲ್ಲಿ ಕಿತ್ತುಬಂದ ಗುಂಡಿಗಳನ್ನು ಇಟ್ಟಳು. ನನ್ನ ತರ್ಕಶಕ್ತಿಗೆ ಅದಕ್ಕಿಂತ ಘನವಾದ ಉಪಯೋಗ ಆ ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ.

ಒಮ್ಮೆ ನಾನು ಹೀಗೆ ವಾದಿಸಿದೆ: ‘ಎಲ್ಲಿಗೆ ಅಂದರೆ ಪ್ರಯಾಣ ಕೆಡೋದು ನಿಜವಾದರೆ, ಈ ಊರಿನ ಬಸ್ ಕಂಡಕ್ಟರು ದಿನಕ್ಕೆ ಸಾವಿರ ಜನರನ್ನ ಎಲ್ಲಿಗೆ ಎಲ್ಲಿಗೆ ಅಂತಲೇ ಕೇಳ್ತಾನೆ. ಬೆಂಗಳೂರಲ್ಲಿ ಒಬ್ಬರೂ ಎಲ್ಲಿಗೂ ಮುಟ್ಟಬಾರದಾಗಿತ್ತಲ್ಲ?’

ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ‘ಕಂಡಕ್ಟರು ಬಸ್ ಹತ್ತಿದ್ಮೇಲೆ ಕೇಳ್ತಾನೆ ಕಣೆ ಲೀಲಾ. ಮನೆ ಗೇಟಲ್ಲಿ ಬಂದು ನಿಂತ್ಕೊಂಡು ಕೇಳ್ತಾನಾ?’

ಇಂಥ ಉತ್ತರಕ್ಕೆ ಯಾವ ತೀರ್ಪುಗಾರರೂ ಅಂಕ ಕೊಡುವುದಿಲ್ಲ. ಆದರೆ ಆ ಸಂಜೆ ನಾನೂ ಕೂತು ಅವರೆಕಾಯಿ ಸುಲಿದೆ.

ಐವತ್ತರ ದಶಕ ಮುಗಿದು ಅರವತ್ತರದು ಕಣ್ಣು ಬಿಡುತ್ತಿದ್ದ ಕಾಲ ಅದು. ಜಯನಗರ ಇನ್ನೂ ಪೂರ್ತಿ ನಗರವಾಗಿರಲಿಲ್ಲ, ಜಯವೂ ಸಂಶಯಾಸ್ಪದವಾಗಿಯೇ ಇತ್ತು. ನಮ್ಮ ಮನೆಯ ಮುಂದೆ ನಾಲ್ಕಾರು ಮನೆ, ಅವುಗಳ ಮುಂದೆ ಸುಣ್ಣ ಬಳಿದ ಗೂಟ, ಗೂಟಗಳಾಚೆ ರಾಗಿ ಹೊಲ. ಹೊಲದ ನಟ್ಟನಡುವೆ ‘ಇಂತಿಷ್ಟನೆಯ ಮೈನ್’ ಎಂಬ ಹಲಗೆಯೊಂದು ತಾನು ಸೂಚಿಸಬೇಕಾದ ರಸ್ತೆಗಾಗಿ ಕಾಯುತ್ತಾ ನಿಂತಿರುತ್ತಿತ್ತು. ದಾರಿ ಇನ್ನೂ ಹುಟ್ಟಿಲ್ಲ, ಹೆಸರು ಆಗಲೇ ಇಟ್ಟಾಗಿದೆ. ಅಂಥ ಜಾಗಕ್ಕೆ, ಭೂಗೋಳದ ಪುಸ್ತಕದಲ್ಲಿ ಮಾತ್ರ ನಾನು ಕಂಡಿದ್ದ ಡೆನ್ಮಾರ್ಕ್ ದೇಶದಿಂದ, ಯೆನ್ಸ್ ಮತ್ತು ಕಾರೆನ್ ಎಂಬ ಗಂಡಹೆಂಡತಿ ಬಂದು ನಮ್ಮ ಹಿತ್ತಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಿಂತರು. ಯೆನ್ಸ್ ಯಾವುದೋ ಕಾರ್ಖಾನೆಗೆ ಯಂತ್ರ ಜೋಡಿಸಿಕೊಡಲು ಎರಡು ವರ್ಷದ ಮಟ್ಟಿಗೆ ಬಂದಿದ್ದ ಎಂಜಿನಿಯರು. ಕಾರೆನ್ ಅವನ ಜೊತೆಗೆ ಬಂದವಳು, ಅಷ್ಟೇ. ಹಾಗೆಂದು ಅವಳೇ ನಗುತ್ತಾ ಹೇಳಿಕೊಳ್ಳುತ್ತಿದ್ದಳು. ಹೊಸದಾಗಿ ತೆಗೆದ ಬೆಣ್ಣೆಯ ಬಣ್ಣದ ಆ ಹೆಂಗಸನ್ನು ಅಜ್ಜಿ ತನ್ನ ಬಾಯಿಗೆ ಒಗ್ಗುವಂತೆ ‘ಕರಿಯಮ್ಮ’ ಎಂದು ಕರೆದಳು. ಯೆನ್ಸ್ ‘ಯೆನ್ಸಪ್ಪ’ನಾದ.

ಅವರು ನಮ್ಮ ಹಿತ್ತಲಿನಲ್ಲಿ ಬೇರು ಬಿಟ್ಟ ಬಗೆಯನ್ನು ನೋಡುವುದೇ ಆ ವರ್ಷ ನನಗೆ ಪಠ್ಯೇತರ ವ್ಯಾಸಂಗವಾಯಿತು. ಮೊದಲ ವಾರ ಬಚ್ಚಲ ಹಂಡೆಗೆ ಉರಿ ಹಾಕಲು ಹೋಗಿ ಕಾರೆನ್ ಎಬ್ಬಿಸಿದ ಹೊಗೆಗೆ ಪಕ್ಕದ ಬೀದಿಯವರು ನೀರಿನ ಕೊಡ ಹಿಡಿದು ಓಡಿಬಂದರು. ಎರಡನೆಯ ವಾರ ಅವಳು ಒರಳುಕಲ್ಲಿನ ಮೇಲೆ ಆಸೀನಳಾಗಿ ತಾಯಿಗೆ ಕಾಗದ ಬರೆಯುತ್ತಿರುವುದನ್ನು ಕಂಡು ಅಜ್ಜಿ ಹೌಹಾರಿ ಎಬ್ಬಿಸಿದಳು. ಎಬ್ಬಿಸಿದ್ದಕ್ಕೆ ಪ್ರಾಯಶ್ಚಿತ್ತವೋ ಕೂತಿದ್ದಕ್ಕೆ ದಂಡವೋ, ಅದೇ ಒರಳಿನಲ್ಲಿ ಅವಳ ಕೈಯಿಂದಲೇ ದೋಸೆಗೆ ರುಬ್ಬಿಸಿದಳು. ಯೆನ್ಸ್ ನಮ್ಮ ಬಾಗಿಲುಗಳಿಗಿಂತ ಒಂದು ಗೇಣು ಎತ್ತರವಿದ್ದು, ಪ್ರತಿ ಹೊಸ್ತಿಲಲ್ಲೂ ತಲೆ ಬಡಿಸಿಕೊಂಡು, ಮೂರು ತಿಂಗಳಲ್ಲಿ ತಂತಾನೇ ಬಾಗುವುದನ್ನು ಕಲಿತ. ಅಜ್ಜಿಗೆ ಅದು ವಿನಯವಾಗಿ ಕಂಡಿತು. ಮುದ್ದೆಯನ್ನು ಅವನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತಾ ಕಣ್ಣಲ್ಲಿ ನೀರು ತಂದುಕೊಂಡಾಗ, ನಮಗೆ ಹಾಲು ಕೊಡುತ್ತಿದ್ದ ಮುನಿಶಾಮಪ್ಪ ಗೋಡೆಗೊರಗಿ ಕೂಗಿದ:

‘ದೊರೆ, ಅಗೀಬ್ಯಾಡಿ, ನುಂಗ್ರಿ! ಅಲ್ಲುಗ್ ಏನ್ ಕೆಲ್ಸ ಐತೆ ಇಲ್ಲಿ?’

ಈ ಮುನಿಶಾಮಪ್ಪ ಸುದ್ದಗುಂಟೆಪಾಳ್ಯದ ಹಳೆಯ ಒಕ್ಕಲು. ಅವನ ಹೊಲದ ಅರ್ಧ ಬಡಾವಣೆಗೆ ಹೋಗಿತ್ತು, ಉಳಿದರ್ಧದಲ್ಲಿ ರಾಗಿ ಬೆಳೆದು ಹಸು ಕಟ್ಟಿದ್ದ. ನಮ್ಮ ಮೈನು ಕ್ರಾಸುಗಳೆಲ್ಲ ಅವನಿಗೆ ಈಗಲೂ ‘ಗೌಡ್ರ ತ್ವಾಟ’, ‘ಉಣಸೆಮರದ ಒಲ’ಗಳೇ. ನಕ್ಷೆಯಿಲ್ಲದೆ ಆ ನೆಲವನ್ನು ಬಲ್ಲವನು ಅವನೊಬ್ಬನೇ.

ನಕ್ಷೆಯಿಟ್ಟುಕೊಂಡು ಬಲ್ಲವನಾಗಲು ಹೊರಟವನು ಯೆನ್ಸ್. ಅವರ ದೇಶದಲ್ಲಿ ರಜೆಯ ದಿನ ಮನೆಯಲ್ಲಿ ಕೂರುವುದು ಕಾಯಿಲೆಯವರ ಲಕ್ಷಣವಂತೆ. ಪ್ರತಿ ಭಾನುವಾರ ಇಬ್ಬರೂ ಸೈಕಲ್ ಏರಿ, ಬುತ್ತಿ ಕಟ್ಟಿಕೊಂಡು, ಬೆಂಗಳೂರು ಮುಗಿದು ಹಳ್ಳಿ ಮೊದಲಾಗುವ ಅಂಚನ್ನು ಹುಡುಕುತ್ತಾ ಹೊರಡುವರು. ತಿಲಕ್ ನಗರ, ಸುದ್ದಗುಂಟೆಪಾಳ್ಯ, ಬಿಳೇಕಹಳ್ಳಿಯ ಕಡೆಯ ಕೆರೆ, ತೋಪು, ಬಂಡೆ, ಗುಡಿ ಎಲ್ಲವನ್ನೂ ನೋಡಿ ಬಂದು, ಗೋಡೆಯ ಮೇಲೆ ಅಂಟಿಸಿದ್ದ ಅಗಲವಾದ ಕಾಗದದಲ್ಲಿ ಆ ವಾರದ ತುಂಡನ್ನು ಯೆನ್ಸ್ ಪೆನ್ಸಿಲಿನಿಂದ ಸೇರಿಸುವನು. ದೂರವನ್ನು ಹೆಜ್ಜೆ ಎಣಿಸಿ ಅಳೆಯುವನು. ಕಾರೆನ್ ಅದರ ಮೇಲೆ ಬಣ್ಣದಲ್ಲಿ ಪುಟ್ಟ ಮರ, ಪುಟ್ಟ ಎಮ್ಮೆ ಬಿಡಿಸುವಳು. ಎಮ್ಮೆಗಳು ಚಲಿಸುತ್ತವೆ, ನಕ್ಷೆಯಲ್ಲಿ ಅವಕ್ಕೆ ಸ್ಥಾನವಿಲ್ಲವೆಂದು ಅವನ ಆಕ್ಷೇಪಣೆ. ತಾನು ಈ ಎಮ್ಮೆಯನ್ನು ಮೂರು ಭಾನುವಾರ ಅಲ್ಲಿಯೇ ಕಂಡಿರುವೆನೆಂದು ಅವಳ ಸಾಕ್ಷ್ಯ. ಪರದೇಶದಲ್ಲಿ ಸಂಸಾರ ಹೂಡುವುದೆಂದರೆ ಹೀಗೇ ಇರಬೇಕು ಎಂದು ನನಗೆ ಆಗ ತೋರುತ್ತಿತ್ತು: ಒಬ್ಬರು ಅಳೆಯುವುದು, ಇನ್ನೊಬ್ಬರು ಎಮ್ಮೆ ಬರೆಯುವುದು.

ನಾನು ಆ ಭಾನುವಾರಗಳನ್ನು ಅಜ್ಜಿಯ ವಿರುದ್ಧ ಪ್ರಯೋಗವಾಗಿ ಬಳಸಿಕೊಂಡೆ. ಅವರು ಸೈಕಲ್ ತಳ್ಳಿಕೊಂಡು ಗೇಟಿನ ಬಳಿ ಬರುತ್ತಿದ್ದಂತೆ ವರಾಂಡದಿಂದ, ಅಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ, ‘ಎಲ್ಲಿಗೆ?’ ಎಂದು ಕೂಗುವುದು. ಅವರು ಸಂಜೆ ಸುಖವಾಗಿ ಹಿಂತಿರುಗುವುದು. ನಾನು ಅಡಿಗೆಮನೆಗೆ ಹೋಗಿ, ‘ನೋಡಿದ್ಯಾ?’ ಎನ್ನುವುದು. ಯೆನ್ಸನಿಗೆ ಈ ವಿವಾದದ ಮರ್ಮವನ್ನೆಲ್ಲ ನಾನು ಬಿಡಿಸಿ ಹೇಳಿದ್ದೆ. ಹೀಗೆ ಕೇಳಿಸಿಕೊಂಡವರು ಒಳಗೆ ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಟರೆ ದೋಷ ಪರಿಹಾರವೆಂಬುದನ್ನೂ ಅಜ್ಜಿ ಹೇಳಿದ್ದಳು. ಅವನು ಎರಡು ಪಕ್ಷಕ್ಕೂ ನ್ಯಾಯ ಸಲ್ಲಿಸಿದ. ನನ್ನ ಪ್ರಶ್ನೆಗೆ ಊರು, ಕೆರೆ, ದಾರಿಗಳ ಸಮೇತ ಸವಿಸ್ತಾರ ಉತ್ತರ ಕೊಟ್ಟು, ಆಮೇಲೆ ಸೈಕಲ್ಲನ್ನು ಗೋಡೆಗೊರಗಿಸಿ, ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಲೋಟ ನೀರನ್ನು ಗಂಭೀರವಾಗಿ ಕುಡಿದು ಹೊರಡುತ್ತಿದ್ದ. ಅವನು ಆ ಹೊತ್ತು ಎಲ್ಲಿರುವನೆಂಬುದು ಇದರಿಂದಾಗಿ ನನಗೆ ಭಾನುವಾರವಿಡೀ ಗೊತ್ತಿರುತ್ತಿತ್ತು. ಆ ಉಪಯೋಗ ನನ್ನ ಲಕ್ಷ್ಯಕ್ಕೆ ಬರಲೇ ಇಲ್ಲ. ನನಗೆ ಬೇಕಾಗಿದ್ದುದು ಗೆಲುವು.

ಯೆನ್ಸ್ ಒಮ್ಮೆ ನನ್ನನ್ನು ಕೇಳಿದ್ದ: ವಾದದಲ್ಲಿ ಗೆದ್ದ ಮೇಲೆ, ನೀನು ಹೇಳಿದ್ದು ಸರಿಯೋ ತಪ್ಪೋ ಎಂದು ಹಿಂದಿರುಗಿ ಅಳೆದು ನೋಡುತ್ತೀಯಾ? ನಾನು ಅಳೆಯುವುದಿಲ್ಲ, ತೀರ್ಪುಗಾರರಿರುತ್ತಾರೆ ಎಂದೆ. ಅವನು ತಾನು ಎಲ್ಲವನ್ನೂ ಎರಡು ಸಲ ಅಳೆಯುವುದಾಗಿ ಹೇಳಿದ. ನಾನು ಇದನ್ನು ಅವನ ವೃತ್ತಿಯ ಮಂದಗತಿಯೆಂದು ಬಗೆದು ಕ್ಷಮಿಸಿದೆ.

ಅವರು ಬಂದು ವರ್ಷ ದಾಟಿದ ಮೇಲೆ ಒಂದು ಭಾನುವಾರ ಅಮಾವಾಸ್ಯೆ ಬಿತ್ತು. ಕಾರೆನ್‌ಗೆ ಎರಡು ದಿನದಿಂದ ಜ್ವರ. ಬೆಳಿಗ್ಗೆ ಅಜ್ಜಿ ಅವಳಿಗೆ ಗಂಜಿ ಕೊಟ್ಟು ಬಂದು, ನನ್ನನ್ನು ಅಡಿಗೆಮನೆಯಲ್ಲಿ ತಡೆದು ನಿಲ್ಲಿಸಿದಳು.

‘ಆ ಹುಡುಗ ಒಬ್ನೇ ಎಲ್ಲೋ ಹೊರಟಿದಾನೆ. ಇವತ್ತು ಅಮಾಸೆ. ಇವತ್ತೊಂದಿನ ನಿನ್ನ ನಾಲಗೆ ಬಿಗಿ ಹಿಡ್ಕೊ ಲೀಲಾ. ನಾನು ನಿನ್ನ ಹತ್ರ ಏನೂ ಕೇಳಿಲ್ಲ ಇದುವರೆಗೆ.’

ಅಜ್ಜಿ ಬೇಡುವವಳಲ್ಲ, ಆಜ್ಞೆ ಮಾಡುವವಳು. ಬೇಡಿಕೆಯ ಧ್ವನಿ ನನಗೆ ಅಪರಿಚಿತವಾಗಿತ್ತು. ಒಂದು ದಿನದ ಮಟ್ಟಿಗೆ ಪ್ರಯೋಗ ನಿಲ್ಲಿಸಿದರೆ ವಿಜ್ಞಾನಕ್ಕೇನೂ ನಷ್ಟವಿಲ್ಲವೆಂದುಕೊಂಡು ಒಪ್ಪಿದೆ. ಯೆನ್ಸ್ ಸೈಕಲ್ ತಳ್ಳಿಕೊಂಡು ಗೇಟಿಗೆ ಬಂದ. ಅಭ್ಯಾಸಬಲದಿಂದ ನಿಂತು, ವರಾಂಡದ ಕಡೆ ತಿರುಗಿ, ನನ್ನ ಪ್ರಶ್ನೆಗಾಗಿ ಕಾದ. ನಾನು ತುಟಿಗೆ ಬೆರಳಿಟ್ಟು, ಒಳಗೆ ಅಜ್ಜಿಯತ್ತ ತೋರಿಸಿ, ನಕ್ಕೆ. ಅವನಿಗೆ ಅರ್ಥವಾಯಿತು, ಅವನೂ ತುಟಿಗೆ ಬೆರಳಿಟ್ಟ. ನಕ್ಕು, ಗೇಟು ದಾಟಿ ಹೋದ. ಎಡಕ್ಕೆ ತಿರುಗಿದನೋ ಬಲಕ್ಕೆ ತಿರುಗಿದನೋ ಎಂಬುದನ್ನೂ ನಾನು ನೋಡಲಿಲ್ಲ. ಆ ಹೊತ್ತಿಗೆ ಕೈಯಲ್ಲಿದ್ದ ಪುಸ್ತಕಕ್ಕೆ ಮರಳಿದ್ದೆ.

ಊಟದ ಹೊತ್ತಿಗೆ ಬರುತ್ತೇನೆಂದು ಬೆಳಿಗ್ಗೆ ಅಜ್ಜಿಗೆ ಹೇಳಿದ್ದವನು ನಾಲ್ಕು ಗಂಟೆಯಾದರೂ ಬರಲಿಲ್ಲ. ಜ್ವರದ ಮಂಪರಿನಿಂದೆದ್ದ ಕಾರೆನ್ ಶಾಲು ಹೊದ್ದು ನಮ್ಮ ವರಾಂಡಕ್ಕೆ ಬಂದಳು. ಅಪ್ಪ, ಪಕ್ಕದ ಮನೆಯ ಇಬ್ಬರು, ಸಂಜೆಯ ಹಾಲು ಹೊತ್ತು ತಂದಿದ್ದ ಮುನಿಶಾಮಪ್ಪ, ಎಲ್ಲರೂ ಸೇರಿದರು. ಎಲ್ಲಿಗೆ ಹೋಗುವುದಾಗಿ ಹೇಳಿದ್ದನೆಂದು ಅಪ್ಪ ಕೇಳಿದರು. ಕಾರೆನ್‌ಗೆ ತಿಳಿದಿರಲಿಲ್ಲ, ಅವಳು ಆಗ ನಿದ್ದೆಯಲ್ಲಿದ್ದಳು. ಆದರೆ ಅವಳ ಮುಖದಲ್ಲಿ ಅಂಥ ಗಾಬರಿಯೇನೂ ಇರಲಿಲ್ಲ. ನನ್ನತ್ತ ಕೈತೋರಿಸಿ, ನಾನೇ ಕಲಿಸಿದ್ದ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು:

‘ಲೀಲಾನನ್ನು ಕೇಳಿ. ಅವನು ಯಾವಾಗಲೂ ಲೀಲಾಗೆ ಹೇಳಿ ಹೋಗುತ್ತಾನೆ.’

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಬಳಿ ಅಜ್ಜಿ ನಿಂತಿದ್ದಳು.

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಅದು ಒಂದೇ ಪದ. ಕನ್ನಡ ಕಲಿಯುವ ಪರದೇಶಿಗಳಿಗೆ ಮೊದಲ ದಿನವೇ ಬರುವ ಪದ. ಆದರೆ ಗೊತ್ತಿಲ್ಲವೆಂದು ವೇದಿಕೆಯಿಂದ ಇಳಿದವರಿಗೆ ಯಾರೂ ಕಪ್ ಕೊಡುವುದಿಲ್ಲ. ಅದನ್ನು ಹೇಳುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಮೌನವೊಂದು ಬಿತ್ತೆಂದರೆ ಅದನ್ನು ತರ್ಕದಿಂದ ತುಂಬಿಸುವುದು ನನ್ನ ತರಬೇತಿ. ನಾನು ಹಿತ್ತಲಿಗೆ ಓಡಿ ಅವರ ಕೋಣೆಯ ಗೋಡೆಯಿಂದ ನಕ್ಷೆಯನ್ನು ಕಿತ್ತು ತಂದು ವರಾಂಡದ ನೆಲದ ಮೇಲೆ ಹರಡಿದೆ; ಮೊಣಕಾಲೂರಿ ಕೂತು ವಾದ ಮಂಡಿಸಿದೆ. ‘ಅಧ್ಯಕ್ಷರೆ’ ಎನ್ನಲಿಲ್ಲ, ಅಷ್ಟೇ ಕೊರತೆ. ನೋಡಿ, ಪೂರ್ವದ ಕಡೆ ಇಲ್ಲಿಂದ ಬಿಳೇಕಹಳ್ಳಿಯವರೆಗೆ ಒಂದಂಗುಲ ಬಿಡದೆ ತುಂಬಿದೆ. ಪಶ್ಚಿಮಕ್ಕೆ, ಬನಶಂಕರಿ ಗುಡಿಯಿಂದಾಚೆ, ಕನಕಪುರದ ರಸ್ತೆಯ ಆಸುಪಾಸು ಕಾಗದ ಬರಿದಾಗಿದೆ. ವರ್ಷವಿಡೀ ಪ್ರತಿ ವಾರವೂ ಹೊಸ ಜಾಗವನ್ನೇ ಹುಡುಕಿ ಹೊರಟ ಮನುಷ್ಯ ಇವತ್ತು ಎಲ್ಲಿಗೆ ಹೋಗಿರಬೇಕು? ನೋಡಿ ಮುಗಿಸಿದ ಕಡೆಗೋ, ನೋಡದೆ ಉಳಿದ ಕಡೆಗೋ?

ಮುನಿಶಾಮಪ್ಪ ತಲೆ ಕೆರೆದುಕೊಂಡ. ‘ಅಂಗಲ್ಲ ಅಮ್ಮಣ್ಣಿ. ವೋದ ವಾರ ನಮ್ಮ ಬಂಡೆಗುಂಡಿ ತಾವ ನಿಂತ್ಕಂಡು ಅದೇನೋ ಬರ್ಕತಿದ್ರು, ಯಾಕೋ ಲೆಕ್ಕ ತಪ್ತು ಅಂತ ತಲೆ ಅಲ್ಲಾಡಿಸ್ತಿದ್ರು. ಒಂದ್ ದಪ ಅಲ್ಲೇ ನೋಡ್ಕಂಡು ಬರಾನ.’

ಬಂಡೆಗುಂಡಿಯೆಂದರೆ ಸುದ್ದಗುಂಟೆಪಾಳ್ಯದಾಚೆ ಕಲ್ಲು ಒಡೆದು ಒಡೆದು ಆಳವಾಗಿದ್ದ ಹಳ್ಳ. ನಾನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದೆ: ಅದು ಆಗಲೇ ಬರೆದಾಗಿದೆ, ಬಣ್ಣವೂ ಹಾಕಿದೆ, ನೋಡು. ಬರೆದು ಮುಗಿದ ಜಾಗಕ್ಕೆ ಯಾರಾದರೂ ಮತ್ತೆ ಹೋಗುತ್ತಾರೆಯೇ? ಎರಡು ಗುಂಪಾಗಿ ಹೋಗೋಣವೆಂದು ಅಪ್ಪ ಸೂಚಿಸಿದರು. ಇರುವುದೇ ಒಂದೂವರೆ ಗಂಟೆಯ ಬೆಳಕು, ಇರುವುದೇ ನಾಲ್ಕು ಸೈಕಲ್ಲು, ಬಲವನ್ನು ಒಡೆಯಬಾರದೆಂದು ಅದನ್ನೂ ಖಂಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿಲ್ಲ. ಅಪ್ಪ ಒಪ್ಪಿದರು, ನೆರೆಯವರು ಒಪ್ಪಿದರು, ಕಾರೆನ್ ನಕ್ಷೆಯನ್ನು ನೋಡುತ್ತಾ ಮೆಲ್ಲನೆ ತಲೆಯಾಡಿಸಿದಳು. ಮುನಿಶಾಮಪ್ಪ, ‘ಓದ್ದೋರು ನೀವು, ನಿಮಗ್ ತಿಳಿಯಾಕಿಲ್ವಾ’ ಎಂದು ಹಾಲಿನ ಕ್ಯಾನನ್ನು ನಮ್ಮ ಜಗಲಿಯ ಮೇಲಿಟ್ಟು ಅವರ ಹಿಂದೆ ಪಶ್ಚಿಮಕ್ಕೆ ಹೊರಟ.

ಕತ್ತಲಾದ ಮೇಲೆ ಅವರು ಬರಿಗೈಯಲ್ಲಿ ಬಂದರು. ಪೊಲೀಸರಿಗೆ ತಿಳಿಸಿದ್ದಾಯಿತು. ಮಾರನೆಯ ಬೆಳಿಗ್ಗೆ ಹಾಲು ಕರೆಯುವುದನ್ನೂ ಬಿಟ್ಟು ಮುನಿಶಾಮಪ್ಪ ಒಬ್ಬನೇ ಬಂಡೆಗುಂಡಿಗೆ ಹೋಗಿ ನೋಡಿದ. ಯೆನ್ಸ್ ಅಲ್ಲಿಯೇ, ಕಲ್ಲುಗಳ ನಡುವೆ ಬಿದ್ದಿದ್ದ. ಅಂಚಿನಲ್ಲಿ ಕಾಲು ಜಾರಿತ್ತು. ತೊಡೆಯ ಮೂಳೆ ಮುರಿದು ರಕ್ತ ಹೋಗಿತ್ತು. ಬೇರೆ ದಿನವಾಗಿದ್ದರೆ ಹತ್ತು ಜನ ಕಲ್ಲುಕುಟಿಗರು ಅಲ್ಲಿರುತ್ತಿದ್ದರು. ಅಮಾವಾಸ್ಯೆಯ ದಿನ ಅವರು ಉಳಿ ಮುಟ್ಟುವುದಿಲ್ಲ. ಜೀವ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲವೆಂದು ಡಾಕ್ಟರು ಅಪ್ಪನಿಗೆ ಹೇಳಿದರು. ‘ಸಂಜೆಯೇ ಸಿಕ್ಕಿದ್ದರೆ’ ಎಂದು ಆರಂಭಿಸಿ, ಕಿಟಕಿಯ ಬಳಿ ನನ್ನನ್ನು ಕಂಡು, ಅವರು ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಪೂರ್ತಿ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲವೇನೋ.

ಅವನ ಜೇಬಿನಲ್ಲಿದ್ದ ಪುಸ್ತಕದಲ್ಲಿ ಹುಣಸೆಮರದಿಂದ ಬಂಡೆಗುಂಡಿಯವರೆಗಿನ ಹೆಜ್ಜೆಗಳ ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸ ಸಂಖ್ಯೆ ಬರೆದಿತ್ತು. ಹೊಸದನ್ನು ನೋಡಲಲ್ಲ, ಹಳೆಯದನ್ನು ಸರಿಪಡಿಸಲು ಹೋಗಿದ್ದ. ನಾನು ಆ ಮನುಷ್ಯನ ಜಾಗದಲ್ಲಿ ನನ್ನನ್ನೇ ನಿಲ್ಲಿಸಿ ತರ್ಕಿಸಿದ್ದೆ. ನಾನಾಗಿದ್ದರೆ ಹೊಸ ದಿಕ್ಕಿಗೇ ಹೋಗುತ್ತಿದ್ದೆ. ಆದ್ದರಿಂದ ನನ್ನ ವಾದ ನನ್ನ ಮಟ್ಟಿಗೆ ನಿರ್ದುಷ್ಟವಾಗಿತ್ತು. ಕಳೆದುಹೋಗಿದ್ದವಳು ನಾನಾಗಿರಲಿಲ್ಲ, ಅಷ್ಟೇ.

ದಂಡುಪ್ರದೇಶದ ಕ್ರೈಸ್ತರ ಸ್ಮಶಾನದಲ್ಲಿ ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಅಜ್ಜಿ ಹಟ ಹಿಡಿದು ಬಂದಿದ್ದಳು. ನಮ್ಮಲ್ಲೂ ಹೂಳುವುದೇ ಆದ್ದರಿಂದ ಆಕೆಗೆ ಅಲ್ಲಿ ಪರಕೀಯವೆನಿಸಿದ್ದು ಕಡಮೆ. ಹಿಡಿ ಮಣ್ಣು ಹಾಕಿ, ‘ಇಷ್ಟು ಉದ್ದದ ಕುಣಿ ನಾನು ನೋಡಿರಲಿಲ್ಲ ಕಣೆ’ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಳು ಬಂದದ್ದು ಅಲ್ಲಿ ನನಗೆ. ಸಾವಿನಷ್ಟು ದೊಡ್ಡ ವಿಷಯಕ್ಕೆ ಬಾರದ ಅಳು ಎತ್ತರದ ಮಾತಿಗೆ ಬರುತ್ತದೆ.

ಅಜ್ಜಿ ‘ನೋಡಿದ್ಯಾ?’ ಎನ್ನಲಿಲ್ಲ. ಅದು ನನ್ನ ಸೊತ್ತಾಗಿತ್ತು, ಆಕೆಯದಲ್ಲ. ಆದರೆ ಅದಾದ ಮೇಲೆ ನಮ್ಮಿಬ್ಬರ ನಡುವೆ ನಡೆದ ವಿವಾದ ಹಿಂದೆಂದೂ ನಡೆಯದಂಥದು. ‘ಕೇಳಬೇಡ ಅಂದೋಳು ನಾನು. ಕೇಳಿದ್ದಿದ್ರೆ ನಿಂಗೆ ಹೇಳಿ ಹೋಗ್ತಿದ್ದ’ ಎಂದು ಅಜ್ಜಿ. ‘ನೀನು ಕೇಳಬೇಡ ಅಂದೆ, ವಾದ ಮಾಡು ಅನ್ನಲಿಲ್ಲವಲ್ಲ. ಮುನಿಶಾಮಪ್ಪನ ಬಾಯಿ ಮುಚ್ಚಿಸಿದ್ದು ನಾನು’ ಎಂದು ನಾನು. ಒಬ್ಬರ ವಾದವನ್ನು ಇನ್ನೊಬ್ಬರು ಒಂದೊಂದಾಗಿ ಮುರಿದೆವು. ಇಬ್ಬರೂ ಅಪರಾಧವನ್ನು ತನ್ನತ್ತ ಎಳೆದುಕೊಳ್ಳಲು ಹಟ ಹಿಡಿದಿದ್ದೆವು, ಇಬ್ಬರೂ ಸೋಲಲು ಒಪ್ಪಲಿಲ್ಲ. ಕೊನೆಗೆ ಅಮ್ಮ ಬಂದು, ‘ಸಾಕು ಮಾಡ್ತೀರಾ? ಆ ಹುಡುಗಿಗೆ ಕೇಳಿಸುತ್ತೆ’ ಎಂದು ಗದರಿದಳು.

ಆ ಹುಡುಗಿಯ ಮುಂದೆ ನಾನು ನಿಂತು ಹೇಳಬೇಕಾದ ಮಾತು ಇನ್ನೂ ಬಾಕಿಯಿತ್ತು. ಒಂದು ಮಧ್ಯಾಹ್ನ ಹೋದೆ. ಕಾರೆನ್ ಬಟ್ಟೆ ಮಡಿಸುತ್ತಿದ್ದಳು; ಅವನ ಅಂಗಿಗಳನ್ನೂ ಮಡಿಸುತ್ತಿದ್ದಳು, ಒಗೆದು ಇಸ್ತ್ರಿ ಮಾಡಿ. ನಾನು ತಯಾರಿಸಿಕೊಂಡಿದ್ದ ಪೀಠಿಕೆ ಮರೆತುಹೋಯಿತು. ತಪ್ಪು ದಾರಿಗೆ ಎಲ್ಲರನ್ನೂ ಎಳೆದೊಯ್ದವಳು ನಾನೆಂದು ಮಾತ್ರ ಹೇಳಿದೆ. ಅವಳು ಅಂಗಿಯ ತೋಳನ್ನು ಬೆನ್ನಿಗೆ ಮಡಿಸಿ, ಅಂಚು ಸರಿಮಾಡಿ, ಆಮೇಲೆ ಹೇಳಿದಳು: ‘ನೀನು ಹೇಳಿದ್ದು ನನಗೂ ಸರಿ ಎನಿಸಿತು, ಲೀಲಾ. ನಾನು ಅವನ ಹೆಂಡತಿ. ನನಗೆ ಎನಿಸಬಾರದಾಗಿತ್ತು.’

ಕ್ಷಮೆಯನ್ನಾಗಲಿ ಶಾಪವನ್ನಾಗಲಿ ನಿರೀಕ್ಷಿಸಿ ಹೋಗಿದ್ದ ನನಗೆ ಎರಡೂ ಸಿಗಲಿಲ್ಲ. ಅಂಗಿಗಳ ಆ ರಾಶಿಯಿಂದ ನಾನೂ ಒಂದನ್ನು ತೆಗೆದುಕೊಂಡೆ. ತಪ್ಪಾಗಿ ಮಡಿಸಿದೆ. ಅವಳು ಅದನ್ನು ಬಿಡಿಸಿ ಮತ್ತೆ ಮಡಿಸಿದಳು.

ಈ ಪ್ರಬಂಧದ ತಾತ್ಪರ್ಯವೇನೆಂದು ನೀವು ಕೇಳಬಹುದು, ನಾನಾಗಿದ್ದರೆ ಕೇಳುತ್ತಿದ್ದೆ. ಅಮಾವಾಸ್ಯೆಗೂ ಕಾಲು ಜಾರುವುದಕ್ಕೂ ಸಂಬಂಧವಿಲ್ಲವೆಂದು ಈಗಲೂ ವಾದಿಸಬಲ್ಲೆ. ಎಲ್ಲಿಗೆಂದು ಕೇಳುವುದರಿಂದ ಯಾರೂ ಸಾಯುವುದಿಲ್ಲವೆಂಬುದನ್ನು ಸಾಬೀತುಪಡಿಸಲು ನನ್ನ ಬಳಿ ಒಂದು ವರ್ಷದ ಭಾನುವಾರಗಳಿವೆ. ಅಜ್ಜಿಯ ವಿರುದ್ಧ ನಾನು ಗೆದ್ದಿದ್ದೇನೆ. ಕೇಳಬೇಕಾಗಿತ್ತೆಂದು ಆಕೆಯೇ ಒಪ್ಪಿಕೊಂಡಿದ್ದಾಳೆ. ಆದರೆ ಇಷ್ಟೆಲ್ಲ ಭಾನುವಾರ ನಾನು ಆ ಪ್ರಶ್ನೆಯನ್ನು ಕೇಳಿದ್ದು ಉತ್ತರಕ್ಕಾಗಿ ಅಲ್ಲ. ಉತ್ತರ ಬೇಕಾಗಿದ್ದ ಒಂದೇ ಒಂದು ದಿನ ಕೇಳಲಿಲ್ಲ. ಕೇಳಬೇಡವೆನ್ನುತ್ತಿದ್ದ ಅಜ್ಜಿಯೋ, ‘ದೂರ ಹೊರಟ್ರಾ?’ ಎಂದು ಕೇಳಿದಾಗಲೆಲ್ಲ ಹೊರಟವರ ಬ್ಯಾಗು, ಚಪ್ಪಲಿ, ಮುಖದ ಬಣ್ಣ ಎಲ್ಲವನ್ನೂ ಕಣ್ಣಲ್ಲೇ ತೂಗಿ ನೋಡುತ್ತಿದ್ದಳು. ಮೂರ್ಖತನ ಆಕೆಯ ಮಾತಿನಲ್ಲಿತ್ತು. ನನ್ನದು ಎಲ್ಲಿತ್ತೆಂದು ನಿಮಗೆ ಈಗ ತಿಳಿದಿದೆ.

ಕಾರೆನ್ ಒಂದು ತಿಂಗಳಲ್ಲಿ ತನ್ನ ದೇಶಕ್ಕೆ ಹೊರಟಳು. ಟ್ಯಾಕ್ಸಿ ಬಂದು ನಿಂತಿತ್ತು. ಅಪ್ಪ ಪೆಟ್ಟಿಗೆಗಳನ್ನು ಏರಿಸಿದರು; ಮುನಿಶಾಮಪ್ಪ ಗೇಟಿನಾಚೆ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಎಲ್ಲರಿಗೂ ಕೈಮುಗಿದು ಗೇಟಿಗೆ ಕೈಹಾಕಿದಳು. ಆಗ ವರಾಂಡದ ಮೆಟ್ಟಿಲಿನಿಂದ ಅಜ್ಜಿಯ ಧ್ವನಿ, ಎಪ್ಪತ್ತು ವರ್ಷದಲ್ಲಿ ಮೊದಲ ಸಲ, ನೆಟ್ಟಗೆ ಬಂತು:

‘ಎಲ್ಲಿಗಮ್ಮಾ?’

ಅಪ್ಪ ಬೆಚ್ಚಿ ತಿರುಗಿದರು. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಕಾರೆನ್ ಮಾತ್ರ ಕೈಚೀಲವನ್ನು ನೆಲಕ್ಕಿಳಿಸಿ, ಅಜ್ಜಿಯ ಎದುರಿಗೆ ಬಂದು ನಿಂತು, ಪಾಠ ಒಪ್ಪಿಸುವವಳಂತೆ ಹೇಳತೊಡಗಿದಳು.

‘ಇಲ್ಲಿಂದ ರೈಲ್ವೆ ಸ್ಟೇಷನ್, ಅಜ್ಜಿ. ಅಲ್ಲಿಂದ ಬೊಂಬಾಯಿ.’

‘ಆಮೇಲೆ?’

‘ಬೊಂಬಾಯಿಯಿಂದ ಹಡಗು. ತುಂಬಾ ದಿನ ಹಡಗು.’

‘ಆಮೇಲೆ?’

‘ಇನ್ನೊಂದು ರೈಲು. ಆಮೇಲೆ ಒಂದು ಸಣ್ಣ ಊರು. ಊರಲ್ಲಿ ಚರ್ಚು, ಚರ್ಚಿನ ಪಕ್ಕ ಬ್ರೆಡ್ ಅಂಗಡಿ, ಅದರ ಹಿಂದೆ ನನ್ನ ತಾಯಿಯ ಮನೆ.’

‘ಎಡಕ್ಕೋ ಬಲಕ್ಕೋ?’

‘ಎಡಕ್ಕೆ, ಅಜ್ಜಿ.’

ಅಜ್ಜಿ ಅಷ್ಟನ್ನೂ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು: ಸ್ಟೇಷನ್ನು, ಬೊಂಬಾಯಿ, ಹಡಗು, ರೈಲು, ಅಂಗಡಿಯ ಹಿಂದೆ, ಎಡಕ್ಕೆ. ‘ಆಮೇಲೆ?’ ಎಂದಳು.

ಕಾರೆನ್ ಟ್ಯಾಕ್ಸಿಯ ಕಡೆ ಒಮ್ಮೆ ನೋಡಿದಳು. ಟ್ಯಾಕ್ಸಿಯವನು ಹಾರ್ನ್ ಹಾಕಿ ಸುಮ್ಮನಾದ.

‘ಆಮೇಲೆ ಗೊತ್ತಿಲ್ಲ, ಅಜ್ಜಿ’ ಎಂದಳು. ನನ್ನಿಂದ ಆ ಸಂಜೆ ಹೊರಡದ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ನಾನು ತಲೆ ತಗ್ಗಿಸಿದೆ.

ಅಜ್ಜಿ ಅವಳ ಕೆನ್ನೆ ನೇವರಿಸಿ, ಕೈಚೀಲವನ್ನು ತಾನೇ ಎತ್ತಿ ಅವಳ ಹೆಗಲಿಗೆ ಹಾಕಿದಳು.

‘ಗೊತ್ತಾದ್ಮೇಲೆ ಒಂದು ಕಾಗದ ಬರಿ ಕರಿಯಮ್ಮ’ ಎಂದಳು. ‘ಗೊತ್ತಾಗ್ದಿದ್ರೂ ಬರಿ.’